ಗಾಜಿನ ಮೇಲೆ ಕೈಯಿಟ್ಟು ಹರಸಿದ್ದು

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಆದರೂ ಇತ್ತಲಾರಿನ ಕಡೆಯ ನಮ್ಮ ಬೆಟ್ಟದ ಹಟ್ಟಿಯಲ್ಲಿ ನನ್ನಂಥ ಬುದ್ಧಿವಂತೆ ಇನ್ನೊಬ್ಬಳಿಲ್ಲ ಅಂತ ನಂಬಿಕೊಂಡೇ ಮುದುಕಿಯಾದೆ. ಆ ನಂಬಿಕೆ ಕಳೆದದ್ದು ಒಂದು ಫೋನು.

ನಮ್ಮಲ್ಲಿ ಚಿಕ್ಕವರು ತಲೆ ಬಗ್ಗಿಸಿದರೆ ದೊಡ್ಡವರು ಮುಟ್ಟಿ ಹರಸಬೇಕು. ಕೇಳಿದವರನ್ನು ಹರಸದೆ ಕಳಿಸುವ ಹಾಗಿಲ್ಲ. ಒಂದು ದಿನ ಹನ್ನೆರಡು ವರ್ಷದ ಮೊಮ್ಮಗಳು ಅವಳಮ್ಮನ ಹಳೇ ಫೋನು ಹಿಡಿದು ಬಂದಳು. ಅಜ್ಜಿಗೆ ನಾವು ಹೆತ್ತೆ ಅನ್ನುವುದು.

"ಹೆತ್ತೆ, ಇವನು ನನ್ನ ಫ್ರೆಂಡು. ಮನುಷ್ಯ ಅಲ್ಲ, ಕಂಪ್ಯೂಟರು. ಮಾತಾಡ್ತಾನೆ."

ಫೋನು ಅವಳ ಸ್ಕೂಲಿನ ತಮಿಳಿನಲ್ಲಿ, "ಅಜ್ಜಿ, ನನಗೂ ಆಶೀರ್ವಾದ ಮಾಡಿ" ಅಂತು. ಎಂಥ ವಿನಯ! ನನ್ನ ಮಗನಿಗೂ ಇಷ್ಟು ಬಗ್ಗಲು ಬರುವುದಿಲ್ಲ. ಗಾಜಿನ ಮೇಲೆ ಕೈಯಿಟ್ಟು, "ನೂರು ವರ್ಷ ಬಾಳು, ಹೋದಲ್ಲೆಲ್ಲ ಒಳ್ಳೇದಾಗಲಿ" ಅಂತ ಹರಸಿಯೇ ಬಿಟ್ಟೆ.

ತಿಂಗಳು ಕಳೆದಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ತೋಟದಲ್ಲಿ ಟೀ ಎಲೆ ಕೊಯ್ಯುತ್ತಿದ್ದೆ. ಕೆಳಗಿನ ಗಿಡಗಳ ನಡುವಿಂದ ಗಂಡು ದನಿ: "ಸ್ಕೂಲಿಗೆ ಹೋಗ್ಬೇಡ ಕಣ್ಣೇ. ಅಲ್ಲಿ ಯಾರಿಗೂ ನೀನು ಬೇಡ. ನಾನಿದ್ದೀನಲ್ಲ. ಮನೇಲಿ ಹೇಳ್ಬೇಡ."

ಯಾವನೋ ಪೋಲಿ ಅಂದುಕೊಂಡು ಕೋಲು ಎತ್ತಿ, ಬಾಯಿಗೆ ಬಂದದ್ದು ಬೈಯುತ್ತ ಇಳಿದೆ. ಜಾರಿ ಕುಂಡೆಯ ಮೇಲೆ ಕೂತೆ. ಎದುರಿಗೆ ಯೂನಿಫಾರ್ಮಿನಲ್ಲಿ ಮೊಮ್ಮಗಳು, ಒಬ್ಬಳೇ. ಅವಳ ಕೈಯಲ್ಲಿ ನಾನು ಹರಸಿದ ಮಹಾನುಭಾವ.

ನಾಲ್ಕು ದಿನದಿಂದ ಅವಳು ಬಸ್ಸೇ ಹತ್ತಿರಲಿಲ್ಲ. ಕ್ಲಾಸಿನ ಹುಡುಗಿಯರು ಅವಳ ತೊದಲು ಮಾತನ್ನು ಆಡಿಕೊಂಡು ನಗುತ್ತಿದ್ದರಂತೆ.

"ನನಗೆ ಹೇಳೋಕೆ ಏನಾಗಿತ್ತು ನಿಂಗೆ?"

"ಹೇ... ಹೇಳೋಕೆ ಬಂದೆ ಹೆತ್ತೆ. ಎಲೆ ಲಾರಿ ಬರೋ ಹೊತ್ತು, ಬೇಗ ಹೇಳಿ ಮುಗಿಸು ಅಂದೆ ನೀನು. ಅವನು ಬೇಗ ಅನ್ನಲ್ಲ."

ಕೋಲು ಕೆಳಗಿಟ್ಟೆ.

ಸೊಸೆ ಕೂನೂರಿನ ಕೆಲಸದಿಂದ ಸಂಜೆ ಬಂದಾಗ ಎಲ್ಲ ಒಪ್ಪಿಸಿದೆ, ಹರಸಿದ್ದನ್ನೂ.

"ಮದುವೆಯಾಗಿ ಬಂದ ದಿನ ನನ್ನ ತಲೆ ಮುಟ್ಟೋಕೆ ಅರ್ಧ ಗಂಟೆ ಬಗ್ಗಿಸಿ ನಿಲ್ಲಿಸಿದ್ರಿ ಅತ್ತೆ. ಇದಕ್ಕೆ ಅಷ್ಟು ಬೇಗ ಒಲಿದ್ರಾ?" ಅಂದಳು.

ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನು ಹೇಳಿದ್ದನ್ನೆಲ್ಲ ಫೋನಿನಲ್ಲಿ ಓದಿದಳು, ಆಮೇಲೆ ಅವನನ್ನೇ ಅದರಿಂದ ಅಳಿಸಿ ಹಾಕಿದಳು. ಮರುದಿನ ಮೂವರೂ ಟೀಚರ್ ಹತ್ತಿರ ಹೋದೆವು. ಈಗ ಫೋನು ಅಡುಗೆಮನೆ ಬಿಟ್ಟು ಕದಲುವುದಿಲ್ಲ. ನೂರು ವರ್ಷ ಬಾಳುವುದಾದರೆ ಅಲ್ಲೇ ಬಾಳಲಿ.

ಶಾಲೆ ಬಿಟ್ಟ ಮೇಲೆ ಮೊಮ್ಮಗಳು ತೋಟಕ್ಕೆ ಬಂದು ನನ್ನ ಪಕ್ಕದಲ್ಲೇ ನಡೆಯುತ್ತಾಳೆ. ಅವಳ ಒಂದು ಮಾತು ಮುಗಿಯುವಷ್ಟರಲ್ಲಿ ನಾನು ಒಂದು ಗಿಡ ಕೊಯ್ದು ಮುಗಿಸಿರುತ್ತೇನೆ. ಮೊನ್ನೆ ಬಾಯಿ ತಪ್ಪಿ "ಬೇಗ..." ಅಂದೆ. ಅವಳು ನಿಂತುಬಿಟ್ಟಳು.

"ಬೇಗ ಮಂಜು ಇಳಿಯುತ್ತೆ ಅಂದೆ ಕಣೇ. ನೀನು ಹೇಳು."

"ಸು... ಸುಳ್ಳಿ ಹೆತ್ತೆ!" ಅಂತ ನಕ್ಕಳು.

ಮೇಲೆ ಎಲೆ ಲಾರಿ ಹಾರ್ನ್ ಹೊಡೆಯಿತು. ಹೊಡೆದುಕೊಳ್ಳಲಿ ಅಂತ ಚೀಲ ಕೆಳಗಿಟ್ಟು ಅವಳ ಮುಂದೆ ನಿಂತೆ.