ಸಪಾಟ ಊರಿಗೆ ಹೋಗದ ಕಾರು

ಇವತ್ತ ಮುಂಜಾನಿ ಗಬ್ಬೂರ ಹತ್ತಿರ ಮಗಳು ಕೀಲಿ ತಿರುವಿದ್ರ ನಮ್ಮ ಕಾರು ಬರೇ ಟಕ್ ಅಂತು. ಆ ಸಪ್ಪಳಕ್ಕ ಅಪ್ಪನ ಹಳೇ ಕಾರು ನೆನಪಾತು.

ಎಂಜಿನ್ ಚಾಲೂ ಮಾಡೂ ಅದರ ಸೆಲ್ಫ್ ಮೋಟಾರ್ ಕೆಟ್ಟಿತ್ತು. ಅಪ್ಪ ರಿಪೇರಿ ಮಾಡಸ್ತಿರಲಿಲ್ಲ. ಎಲ್ಲಿ ಹೋದ್ರೂ ಇಳಿಜಾರಿನಾಗ ನಿಲ್ಲಿಸಿ ಗಾಲಿಗೆ ಕಲ್ಲು ಕೊಡತಿದ್ದ. ಹೊರಡೂ ಮುಂದ ಕಲ್ಲು ತಗದು ಉರುಳಿಸಿ ಗೇರ್ ಹಾಕಿದ್ರ ಗಾಡಿ ಚಾಲೂ. ಹಿಂಗಾಗಿ ಇಳಿಜಾರು ಇದ್ದ ಓಣ್ಯಾಗಿನ ಮನೀಗಷ್ಟ ನಾವು ಕಾರಿನಾಗ ಹೋಗತಿದ್ವಿ. ಅವ್ವನ ತವರು ಶಿರಗುಪ್ಪಿ, ಇಳಿಜಾರ ಇಲ್ಲದ ಸಪಾಟ ಎರಿಭೂಮಿ. ಅಲ್ಲಿಗೆ ಮಾತ್ರ ಬಸ್ಸು.

ಒಂದಿನ ಅವ್ವ ಬಾಜೂ ಮನಿ ಡ್ರೈವರ್ ಕಾಕಾನ್ನ ದೋಷ ಎಲ್ಲೈತಿ ಅಂತ ನೋಡೂದು ಹೆಂಗ ಅಂತ ಕೇಳಿಕೊಂಡು ಬಂದು, ಸೆರಗು ಸಿಗಿಸಿ ಕಾರಿನ ಮುಂದ ನಿಂತಳು.

"ಲೈಟ್ ಹಚ್ಚಿ ಕೀಲಿ ತಿರುವ್ರಿ."

ಅಪ್ಪ ತಿರುವಿದ. ಟಕ್ ಅಂತು, ಆದ್ರ ಲೈಟು ಮಂದ ಆಗಲಿಲ್ಲ.

"ಬ್ಯಾಟರಿ ಛಲೋ ಐತಿ. ಮೋಟಾರ್ ಬಿಚ್ಚಸ್ರಿ."

"ನಡದೈತಲ್ಲ, ಬಿಡು."

"ನಿಮಗ ನಡದೈತಿ."

ಬೆಂಗೇರಿ ಮೆಕ್ಯಾನಿಕ್ ಮೋಟಾರ್ ಬಿಚ್ಚಿದ್ರ ಒಳಗ ಕರೆಂಟ್ ದಾಟಸೂ ಕಾರ್ಬನ್ ತುಂಡು ಸವದಿತ್ತು. ಹೊಸಾದು ಹಾಕಿ ಕೊಟ್ಟ. ಆ ಐತವಾರ ಶಿರಗುಪ್ಪಿಗೆ ಹೋದ್ವಿ. ಅಜ್ಜನ ಅಂಗಳದಾಗ ಅಪ್ಪ, ಮತ್ತ ಚಾಲೂ ಆಗತೈತೋ ಇಲ್ಲೋ ಅಂತ, ಎಂಜಿನ್ ಚಾಲೂ ಇಟ್ಟೇ ಕುಂತಿದ್ದ.

"ಬಂದ್ ಮಾಡ್ರಿ," ಅಂದಳು ಅವ್ವ. "ಊಟ ಮಾಡೇ ಹೋಗೂದು."

ಇವತ್ತ ಗಬ್ಬೂರದಾಗ ಇಬ್ಬರು ಕಾರು ದೂಡಾಕ ಬಂದ್ರು. ತಡೀರಿ ಅಂದು, ಬಾಜೂಕ ಸ್ಟೇರಿಂಗ್ ಹಿಡದು ಕುಂತ ಮಗಳಿಗೆ ಹೇಳಿದ್ನಿ, "ಮೊದಲ ಲೈಟ್ ಹಚ್ಚು."