ನೆಲದ ಗಾಳಿ ಅಳೆಯುವ ಡಬ್ಬಿ ಅಕ್ಕ

ಹೆತ್ತವರು ಇಟ್ಟ ಹೆಸರು ಬೇರೆಯೇ ಇದ್ದರೂ ಊರಿನ ಬೀದಿಗಳಲ್ಲಿ ಆಕೆ ‘ಡಬ್ಬಿ ಅಕ್ಕ’. ಹೆಗಲಿನ ಚೀಲದ ತುಂಬ ಅಂಗೈಯಲ್ಲಿ ಹಿಡಿಯುವಂಥ ಕಪ್ಪು ಪ್ಲಾಸ್ಟಿಕ್ ಡಬ್ಬಿಗಳು, ಒಂದೊಂದರೊಳಗೂ ಉಗುರಿನಗಲದ ಫಿಲ್ಮಿನ ತುಂಡು. ನೆಲದಡಿಯ ಕಲ್ಲುಮಣ್ಣಿನಿಂದ ಹೊರಡುವ ರೇಡಾನ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಿರುಕುಗಳಲ್ಲಿ ನುಸುಳಿ ಮನೆಯೊಳಗೆ ಸೇರಿಕೊಳ್ಳುತ್ತದೆ. ಅದು ಹೆಚ್ಚಾಗಿರುವ ಕಡೆ ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕುತ್ತು. ಡಬ್ಬಿಯನ್ನು ಕೆಲವು ತಿಂಗಳು ಕೋಣೆಯಲ್ಲಿಟ್ಟರೆ ಫಿಲ್ಮಿನ ಮೇಲೆ ಕಣ್ಣಿಗೆ ಕಾಣದ ಗೀರುಗಳು ಬೀಳುತ್ತವೆ. ಪ್ರಯೋಗಾಲಯದಲ್ಲಿ ಅವನ್ನು ಎಣಿಸಿದರೆ ಆ ಮನೆಯ ಗಾಳಿಯ ಹಣೆಬರಹ ತಿಳಿಯುತ್ತದೆ. ಅದೇ ಹೊತ್ತಿಗೆ ಅಂಥವೇ ಡಬ್ಬಿಗಳು ಬೇರೆ ಬೇರೆ ದೇಶಗಳ ಮನೆಗಳಲ್ಲೂ ಕುಳಿತಿದ್ದವು. ಎಲ್ಲ ಕಡೆಯ ಅಳತೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಸಂಶೋಧನೆ ಅದು; ಪ್ರಯೋಗಾಲಯದ ಪರವಾಗಿ ಊರಿನ ಮನೆಗಳಿಗೆ ಡಬ್ಬಿ ಹಂಚುವುದು ಅಕ್ಕನ ಕೆಲಸ.

ಬಾಗಿಲು ತೆರೆದವರ ಮೊದಲ ಮಾತು ಸಾಮಾನ್ಯವಾಗಿ ಒಂದೇ. “ಏನು ಮಾರೋಕೆ ಬಂದ್ರಿ?”

“ಮಾರೋಕಲ್ಲಮ್ಮ, ಕೊಡೋಕೆ.”

“ಪುಕ್ಕಟೆನಾ? ಹಾಗಾದ್ರೆ ಇದರಲ್ಲೇನೋ ಮಸಲತ್ತಿದೆ!”

ಹೇಗೋ ಒಪ್ಪಿಸಿ ಇಟ್ಟು ಬಂದ ಡಬ್ಬಿಗಳು ಮೊದಮೊದಲು ಮರಳಿ ಸಿಗುತ್ತಲೇ ಇರಲಿಲ್ಲ. ಒಂದು ಮನೆಯಲ್ಲಿ ಅದು ಮೆಣಸಿನಪುಡಿಯ ಡಬ್ಬಿಯಾಗಿತ್ತು. ಇನ್ನೊಂದರಲ್ಲಿ ಗೊಂಬೆಯ ತಲೆಗೆ ಟೋಪಿ. ಅಂದಿನಿಂದ ಅಕ್ಕ ಹೋದಲ್ಲೆಲ್ಲ ಕೈಮುಗಿದು ಹೇಳತೊಡಗಿದಳು: “ಇದನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿ. ಮಕ್ಕಳ ಕೈಗೆ ಸಿಗಬಾರದು, ಬಿಸಿಲು ತಾಗಬಾರದು, ಕಳೆದುಹೋಗಬಾರದು.” ಆಮೇಲೆ ಒಂದು ಡಬ್ಬಿಯೂ ಕಳೆಯಲಿಲ್ಲ. ಅದು ಅವಳಿಗೆ ಹೆಮ್ಮೆಯ ವಿಷಯವಾಗಿತ್ತು.

ಅವಳ ತಂಗಿ, ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ತನ್ನ ಮನೆಯಲ್ಲೇ ನೋಡಿಕೊಳ್ಳುತ್ತಿದ್ದಳು. ಮನೆ ಕೆಳ ಅಂತಸ್ತಿನದು. ಮುಂಗೋಣೆಯಲ್ಲಿ ಸಾಲಾಗಿ ಹಾಸಿಗೆ, ಗೋಡೆಯ ಮೇಲೆ ಬಳಪದ ಚಿತ್ತಾರ, ಮೂಲೆಯಲ್ಲಿ ಆಟಿಕೆಯ ಬುಟ್ಟಿ. ತಂಗಿಯ ಸ್ವಂತ ಮಗಳೂ ಅಲ್ಲೇ ಮಲಗುತ್ತಿದ್ದಳು. ಅಕ್ಕ ಆ ಕೋಣೆಯ ಕಪಾಟಿನ ಮೇಲೊಂದು ಡಬ್ಬಿ ಇಟ್ಟು, ತಂಗಿಯ ಅತ್ತೆಗೆ ತನ್ನ ಎಂದಿನ ಮಾತುಗಳನ್ನು ಒಪ್ಪಿಸಿ ಬಂದಿದ್ದಳು.

ಕೆಲವು ತಿಂಗಳ ಬಳಿಕ ಅದರ ಫಲಿತಾಂಶ ಬಂದಾಗ ಪ್ರಯೋಗಾಲಯದ ಮುಖ್ಯಸ್ಥರು ಹುಬ್ಬೇರಿಸಿದರು. “ಇದು ಯಾರ ಮನೆಯಮ್ಮ? ಕಿಟಕಿಯನ್ನೇ ತೆಗೆಯದ ಚಳಿದೇಶದ ಮನೆಗಳನ್ನೂ ಮೀರಿಸಿದೆಯಲ್ಲ!”

“ನನ್ನ ತಂಗೀದು, ಸಾರ್.” ಅಕ್ಕ ಚೀಲವನ್ನು ಹೆಗಲಿಗೇರಿಸಿದಳು. “ಅಲ್ಲಿ ಕೂಸುಗಳು ಮಲಗ್ತವೆ.”

“ಹಾಗಾದ್ರೆ ಇವತ್ತೇ ಹೋಗಿ. ಇನ್ನೊಂದು ಸಲ ಅಳೀಬೇಕು.”

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದಳು. ಬಾಗಿಲಲ್ಲಿ ತಂಗಿಯ ಮುಖ ಕಂಡೊಡನೆ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು. ಹೇಗೋ ವಿಷಯ ತಿಳಿಸಿದಾಗ ತಂಗಿ ಸಾಲು ಹಾಸಿಗೆಗಳತ್ತ ತಿರುಗಿದಳು.

“ನನ್ನನ್ನ ನಂಬಿ ಬಿಟ್ಟುಹೋದ ಮಕ್ಕಳು ಕಣೇ. ಅವರ ಅಮ್ಮಂದಿರಿಗೆ ಏನು ಅಂತ ಹೇಳಲಿ? ಈ ಬಾಗಿಲು ಮುಚ್ಚೋದೇನಾ?”

ಅಕ್ಕ ಚೀಲದಿಂದ ಹೊಸ ಡಬ್ಬಿಯೊಂದನ್ನು ತೆಗೆದಳು. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು.

“ಇನ್ನೊಂದು ತಂದ್ಯಾ ತಾಯಿ? ಕೊಡು, ಕೆಳಗಿಟ್ಟು ಬರ್ತೀನಿ.”

“ಕೆಳಗೆ ಅಂದ್ರೆ?”

“ನೆಲಮಾಳಿಗೇಲಿ. ಹಳೇದನ್ನೂ ಅಲ್ಲೇ ಇಟ್ಟಿದ್ನಲ್ಲ, ಆಲೂಗಡ್ಡೆ ಮೂಟೆಗಳ ಹಿಂದೆ. ನೀನು ಹೋದ ಕೂಡಲೇ ಇಳಿಸಿಬಿಟ್ಟೆ. ಇಲ್ಲಿದ್ರೆ ಈ ಪುಟಾಣಿ ರಾಕ್ಷಸರು ಬಿಡ್ತಾರಾ? ನೀನು ವಾಪಸ್ ಕೇಳಿದ ದಿನ ಮೇಲೆ ತಂದು, ಧೂಳು ಒರೆಸಿ ಕೊಟ್ಟೆ. ಯಾಕೆ, ಒಂದು ಗೀರಾದ್ರೂ ಬಿದ್ದಿತ್ತಾ?”

ಅಕ್ಕ ಅಲ್ಲೇ ಕುಸಿದು ಕುಳಿತು ನಗತೊಡಗಿದಳು. “ಬೇಕಾದಷ್ಟು ಗೀರು ಬಿದ್ದಿದ್ವು ಅಮ್ಮ. ಅದಕ್ಕೇ ಓಡಿಬಂದೆ.”

ಕಿಟಕಿಯಿಲ್ಲದ, ಮಣ್ಣುನೆಲದ ಗುಹೆಯಂಥ ಜಾಗದ ಗಾಳಿಯನ್ನು ಪ್ರಯೋಗಾಲಯದವರು ಕೂಸುಗಳ ಕೋಣೆಯದೆಂದು ಎಣಿಸಿಬಿಟ್ಟಿದ್ದರು.

“ಹಾಗಾದ್ರೆ ದಿನಾ ಅಲ್ಲಿಗೆ ಇಳಿಯೋ ನನ್ನ ಗತಿ?” ಎಂದು ಅತ್ತೆ ಎದೆ ಮುಟ್ಟಿಕೊಂಡರು.

“ಆಲೂಗಡ್ಡೆ ತಂದು ಮೇಲೆ ಬರೋಷ್ಟರಲ್ಲಿ ಏನೂ ಆಗಲ್ಲ. ಅಲ್ಲೇ ಸಂಸಾರ ಹೂಡಬೇಡಿ, ಅಷ್ಟೆ.”

“ಸೊಸೆ ಮಾತು ತಡೀಲಾರದೆ ಒಂದೊಂದು ಸಲ ಹಾಗೂ ಅನ್ನಿಸುತ್ತೆ!”

ತಂಗಿ ಮಾತ್ರ ನಗಲಿಲ್ಲ. “ಅಲ್ಲಿ ಅಷ್ಟಿದ್ರೆ ಮೇಲೆ ಇಲ್ವೇ ಇಲ್ಲ ಅಂತ ಹೇಗೆ ಹೇಳ್ತೀಯ?”

ಅದೂ ಸರಿಯೇ. ತಾಯಂದಿರಿಗೆ ಇದ್ದ ವಿಷಯ ಇದ್ದಹಾಗೇ ಹೇಳಿ, ಮಕ್ಕಳನ್ನು ಮೇಲ್ಮನೆಯ ಗೆಳತಿಯ ಮನೆಗೆ ಸಾಗಿಸಿದರು. ಕೆಲವೇ ದಿನಗಳಲ್ಲಿ ರೇಡಾನಿನ ಅಂಕಿ ತೋರಿಸುವ ಯಂತ್ರವೊಂದನ್ನು ಮುಂಗೋಣೆಯಲ್ಲಿಟ್ಟು, ಕಿಟಕಿ ಬಾಗಿಲುಗಳನ್ನು ಎಂದಿನಂತೆಯೇ ಇರಿಸಿ ಕಾದರು.

ಆ ನಡುವೆ ಹೊರದೇಶದವರೊಂದಿಗಿನ ಕಂಪ್ಯೂಟರ್ ಪರದೆಯ ಸಭೆಯಲ್ಲಿ ಅಕ್ಕ ನಡೆದದ್ದನ್ನೆಲ್ಲ ತಲೆತಗ್ಗಿಸಿ ಹೇಳಿದಳು. ಮುಖ್ಯಸ್ಥರು ಅದನ್ನು ಅವರ ಭಾಷೆಗೆ ತಿರುಗಿಸಿದರು. ಎಲ್ಲೋ ದೂರದ ಸಂಶೋಧಕಿಯೊಬ್ಬಳು ಬಿದ್ದುಬಿದ್ದು ನಕ್ಕಳು: ಅವಳ ಊರಲ್ಲೊಬ್ಬ ಅಜ್ಜ ಡಬ್ಬಿಯನ್ನು ಕಬ್ಬಿಣದ ತಿಜೋರಿಯಲ್ಲಿಟ್ಟು ಬೀಗ ಜಡಿದಿದ್ದನಂತೆ! ಮತ್ತೊಬ್ಬರ ಕಡೆ ಅದು ಬಟ್ಟೆ ಸುತ್ತಿಸಿಕೊಂಡು ಪೆಟ್ಟಿಗೆಯ ತಳ ಸೇರಿತ್ತಂತೆ. ಇನ್ನು ಮುಂದೆ ಎಲ್ಲ ದೇಶಗಳಲ್ಲೂ ಡಬ್ಬಿಯ ಜೊತೆಗೊಂದು ಚಿತ್ರ ಕೊಡುವುದೆಂದು ಅಂದೇ ತೀರ್ಮಾನವಾಯಿತು: ಜನ ಕೂರುವ, ಮಲಗುವ ಕಡೆಯೇ ಡಬ್ಬಿಯೂ ಇರಬೇಕು.

ಯಂತ್ರದ ಅಂಕಿಗಳನ್ನು ಮುಖ್ಯಸ್ಥರಿಗೆ ತೋರಿಸಿಕೊಂಡು ಅಕ್ಕ ಮಧ್ಯಾಹ್ನ ಮರಳಿದಾಗ ತಂಗಿ ಹೊಸ್ತಿಲಲ್ಲೇ ನಿಂತಿದ್ದಳು.

“ಕೋಣೆ ಗಾಳಿ ಚೆನ್ನಾಗಿದೆ ಕಣೇ. ಮಿತಿಗಿಂತ ಎಷ್ಟೋ ಕೆಳಗೆ. ನೆಲಮಾಳಿಗೆ ಬಾಗಿಲ ಸಂದು ಮುಚ್ಚಿಸಿ, ಗಾಳಿ ಹೋಗೋಕೆ ಹೊರಕ್ಕೊಂದು ಕೊಳವೆ ಹಾಕಿಸಿದ್ರೆ ಇನ್ನೂ ಒಳ್ಳೇದು. ಕಪಾಟಿನ ಮೇಲೆ ಹೊಸ ಡಬ್ಬಿನೂ ಇರಲಿ, ಆದ್ರೆ ಇವತ್ತೇ ಮಕ್ಕಳನ್ನ ಕರ್ಕೋ ಅಂದ್ರು.”

ತಂಗಿ ಅತ್ತಳು, ಮರುಕ್ಷಣವೇ ರೇಗಿದಳು. “ಮತ್ತೆ ಯಾಕೆ ಹರಳೆಣ್ಣೆ ಕುಡಿದ ಮುಖ ಮಾಡ್ಕೊಂಡು ಬಂದೆ? ನನ್ನ ಜೀವವೇ ಬಾಯಿಗೆ ಬಂದಿತ್ತು!”

“ಬಿಸಿಲಲ್ಲಿ ನಡೆದು ಬಂದ ಮುಖ ಹೀಗೇ ಇರುತ್ತೆ ಮಾರಾಯ್ತಿ.”

“ಅಳೋದು, ಜಗಳ ಆಡೋದು ಆಮೇಲೆ,” ಎಂದು ಅತ್ತೆ ಒಳಗಿನಿಂದ ಕೂಗಿದರು. “ಮೊದಲು ಕೂಸುಗಳನ್ನ ತನ್ನಿ. ಹಾಸಿಗೆ ಹಾಸಿ ಆಗಿದೆ.”

ಅಕ್ಕತಂಗಿಯರು ಮೇಲೆ ಹೋಗಿ ನಿದ್ದೆಯಲ್ಲಿದ್ದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎತ್ತಿಕೊಂಡು ಮೆಟ್ಟಿಲಿಳಿದರು. ಕೊನೆಯ ಕೂಸು ಅಕ್ಕನ ಕುಪ್ಪಸವನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಬಿಡಿಸಲು ಹೋದರೆ ರಾಗ ತೆಗೆಯಿತು. ಬೇರೆ ದಾರಿ ಕಾಣದೆ ಅಕ್ಕ ಅದರ ಪಕ್ಕದಲ್ಲೇ ಒರಗಿದಳು. ತಂಗಿ ನೀರು ತರುವಷ್ಟರಲ್ಲಿ ಅಕ್ಕ ಆ ಕೋಣೆಯ ಗಾಳಿಯನ್ನು ಎಲ್ಲರಿಗಿಂತ ಜೋರಾಗಿ ಎಳೆದುಕೊಳ್ಳುತ್ತ, ಗೊರಕೆ ಹೊಡೆಯುತ್ತಿದ್ದಳು.