ಕಾರ್ಬ್ಯುರೇಟರಿಗೆ ಅಕ್ಷತೆ

ಹಳೇ ಕಾರಿನ ಇಂಜಿನ್ನಿಗೆ ಬೈಕಿನ ನಾಲ್ಕು ಕಾರ್ಬ್ಯುರೇಟರ್ ಕೂರಿಸಿದ್ದೆ. ಫಿಲ್ಟರ್ ಹಾಕಿರಲಿಲ್ಲ, ಗಾಳಿ ಎಳೆಯುವ ನಾಲ್ಕು ಬಾಯಿಯೂ ತೆರೆದೇ ಇತ್ತು. ಅಷ್ಟರಲ್ಲಿ ಈ ಪರದೇಶದ ಊರಿನ ಟೌನ್‌ಶಿಪ್ ಆಫೀಸಿನ ಇನ್ಸ್‌ಪೆಕ್ಟರಮ್ಮ ನೋಟಿಸ್ ಹಿಡಿದು ಬಂದಳು. ಓಡದ ಕಾರು ಮನೆಮುಂದಿನ ಡ್ರೈವ್‌ವೇಯಲ್ಲಿ ಇರಕೂಡದಂತೆ. ಈಗಲೇ ಸ್ಟಾರ್ಟ್ ಆಗದಿದ್ದರೆ ಟೋ ಮಾಡಿಸಿ ಸಾಗಿಸುತ್ತಾಳಂತೆ.

"ತಾಳ್ರೀ, ಪೂಜೆ ಆಗ್ಲಿ" ಎಂದು ನನ್ನ ಹೆಂಡತಿ ಓಡಿಬಂದು ಇಂಜಿನ್ನಿಗೆ ಕುಂಕುಮ ಇಟ್ಟು ಒಂದು ಹಿಡಿ ಅಕ್ಷತೆ ಎರಚಿದಳು. ಅದರಲ್ಲಿ ಅರ್ಧ ಕಾರ್ಬ್ಯುರೇಟರುಗಳೊಳಗೇ ಹೋಯಿತು.

"ಬಾಯೊಳಗೆ ಯಾಕೆ ಹಾಕ್ದೆ?"

"ಬಾಯಿ ತೆರೆದಿಟ್ಟೋರು ನೀವು."

ಕೀ ತಿರುಗಿಸಿದೆ. ಇಂಜಿನ್ ಕೆಮ್ಮಿತು, ಸೀನಿತು, ಅರಿಶಿನದ ಅಕ್ಕಿಯನ್ನು ಇನ್ಸ್‌ಪೆಕ್ಟರಮ್ಮನ ತಲೆಗೆ ಉಗಿದು ಸ್ಟಾರ್ಟ್ ಆಯಿತು.

"ವಾಟ್ ಈಸ್ ದಿಸ್?"

"ಬ್ಲೆಸಿಂಗ್" ಎಂದೆ.

ಆಕೆ ಕೂದಲು ಕೊಡವಿಕೊಂಡು, ನೋಟಿಸ್ ಹರಿದುಹಾಕಿ ಹೋದಳು. ಹಿಂದೆಯೇ ಇಂಜಿನ್ ನಿಂತಿತು.

ಸ್ಟಾರ್ಟ್ ಆಗಿದ್ದು ಅಕ್ಷತೆಯಿಂದಲೇ ಎನ್ನುತ್ತಾಳೆ ಹೆಂಡತಿ. ಅಲ್ಲ ಎನ್ನಬೇಕಾದರೆ ಅದು ಅಕ್ಷತೆಯಿಲ್ಲದೆ ಇನ್ನೊಂದು ಸಲ ಸ್ಟಾರ್ಟ್ ಆಗಬೇಕಲ್ಲ.